ಸೋನ್ಯಾಳದ ಶೆಫರ್ಡ ಮನೆತನ

ಇಂಗ್ಲಿಷರು ದೇಶ ಬಿಟ್ಟುಹೋದ ಹದಿನಾರನೆಯ ವರ್ಷಕ್ಕೆ, ಒಂದು ಸೋಮವಾರ ಮುಂಜಾನೆ ಹತ್ತೂವರೆಗೆ, ಮರಾಠಿ ಸೀಮೆಗೆ ಸೇರಿದ ಜತ್ತ ತಾಲೂಕಿನ ಸೋನ್ಯಾಳದ ಕುರುಬರ ವಸ್ತಿಯ ಲಗಮಣ್ಣ ಹಿಕ್ಕಿ ಇಂಗ್ಲಿಷನಾದ. ಅದಕ್ಕಾಗಿ ಅವನು ಹಡಗು ಹತ್ತಬೇಕಾಗಲಿಲ್ಲ. ಆರು ವರ್ಷದ ಮಗಳ ಕೈ ಹಿಡಿದುಕೊಂಡು ಶಾಲೆಯ ಪಡಸಾಲೆಯವರೆಗೆ ನಡೆದುಹೋದದ್ದೇ ಸಾಕಾಯಿತು.

ಹಿಕ್ಕಿ ಎಂಬುದು ಅವನ ಅಡ್ಡಹೆಸರು. ಹಿಕ್ಕಿ ಎಂದರೇನೆಂದು ಕುರಿ ಸಾಕಿದವರಿಗೆ ಹೇಳಬೇಕಾಗಿಲ್ಲ. ಉಳಿದವರು ಕುರಿಯ ಹಿಂಡು ಎದ್ದುಹೋದ ಜಾಗದಲ್ಲಿ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ತಾವೇ ತಿಳಿದುಕೊಳ್ಳುತ್ತಾರೆ. ಲಗಮಣ್ಣನ ಅಜ್ಜನ ಹಿಂಡು ಗೊಬ್ಬರಕ್ಕೆ ಹೆಸರಾಗಿತ್ತು. ಆ ಹಿಂಡು ತಂಗಿದ ಹೊಲದಲ್ಲಿ ಜೋಳ ಆಳೆತ್ತರ ಬೆಳೆಯುತ್ತದೆಂದು ರೈತರು ಅಜ್ಜನನ್ನು ಎಳೆದಾಡುತ್ತಿದ್ದರು. ಹಾಗೆ ಗೌರವದಿಂದ ಬಂದ ಹೆಸರು ಅದು. ಆದರೆ ಆ ಗೌರವ ಹೊಲದ ಬದುವಿಗೇ ಮುಗಿಯುತ್ತಿತ್ತು. ಚಾವಡಿಯಲ್ಲಿ ಊರ ಲೆಕ್ಕ ಬರೆಯುವ ತಲಾಠಿ “ಹಿಕ್ಕಿ ಯಾರು?” ಎಂದು ಕೂಗಿದರೆ ಸಾಕು, ಕುಳಿತವರೆಲ್ಲ ತಮ್ಮ ತಮ್ಮ ಚಪ್ಪಲಿಯ ತಳ ನೋಡಿಕೊಳ್ಳುತ್ತಿದ್ದರು. ಲಗಮಣ್ಣ ನಲವತ್ತು ವರ್ಷ ಇದನ್ನು ನುಂಗಿಕೊಂಡಿದ್ದ.

ಅಂದು ಶ್ರೀಶೈಲಪ್ಪ ಮಾಸ್ತರರು ರಜಿಸ್ಟರು ಬಿಚ್ಚಿ, ಲೇಖನಿ ಅದ್ದಿ, “ಹಾಲವ್ವ ಲಗಮಣ್ಣ ಹಿಕ್ಕಿ” ಎಂದು ಗಟ್ಟಿಯಾಗಿ ಹೇಳಿದರು. ಬಾಗಿಲಲ್ಲಿ ನಿಂತ ಹುಡುಗರು ಕಿಸಕ್ಕನೆ ನಕ್ಕರು. ಒಬ್ಬ ಮೂಗು ಹಿಡಿದ. ಹಾಲವ್ವ ಅಪ್ಪನ ಧೋತರದ ಹಿಂದೆ ಸರಿದು ನಿಂತಳು.

“ಮಾಸ್ತರ್ರ, ಅದನ್ನ ಬರೀಬ್ಯಾಡ್ರಿ,” ಎಂದ ಲಗಮಣ್ಣ.

“ಮತ್ತೇನ ಬರೀಲಿ?”

“ಇದಕ್ಕಿಂತ ಚಲೋದು ಒಂದ ಬರೀರಿ. ನಿಮ್ಮ ಪುಸ್ತಕದಾಗ ಭಾಳ ಹೆಸರು ಇರತಾವಲ್ಲ.”

ಈ ಮಾತು ಬೇರೆ ಯಾವ ಮಾಸ್ತರರ ಮುಂದೆ ಬಂದಿದ್ದರೂ ಒಂದು ಗದರಿಕೆಯಲ್ಲಿ ಮುಗಿಯುತ್ತಿತ್ತು. ಶ್ರೀಶೈಲಪ್ಪನವರ ಬಳಿ ರಟ್ಟು ಹರಿದ ಒಂದು ಇಂಗ್ಲಿಷ್ ಡಿಕ್ಷನರಿ ಇತ್ತು. ಅದರಲ್ಲಿದ್ದದ್ದನ್ನು ಬಡಿಸಲು ಇಪ್ಪತ್ತು ವರ್ಷದಲ್ಲಿ ಸೋನ್ಯಾಳದಲ್ಲಿ ಅವರಿಗೆ ಒಬ್ಬ ಗಿರಾಕಿಯೂ ಸಿಕ್ಕಿರಲಿಲ್ಲ. ಅವರು ಲೇಖನಿ ಕೆಳಗಿಟ್ಟರು.

“ನೋಡು ಲಗಮಣ್ಣಾ, ಇಂಗ್ಲಂಡದಾಗೂ ಮದಲ ಮಂದಿಗೆ ಅಡ್ಡಹೆಸರು ಇರಲಿಲ್ಲ. ಒಂದ ಊರಾಗ ಹತ್ತ ಮಂದಿ ಜಾನ ಇರತಿದ್ರು. ರಾಜಾನ ಕಾರಕೂನ ಪಟ್ಟಿ ಎತ್ತಾಕ ಬಂದ್ರ, ಯಾವ ಜಾನ ಅಂತ ತಿಳಿಯೂದು ಹ್ಯಾಂಗ? ಕಬ್ಬಿಣ ಬಡಿಯೂ ಜಾನಗ ಸ್ಮಿಥ ಅಂತ ಬರಕೊಂಡ. ಹಿಟ್ಟ ಬೀಸೂ ಜಾನಗ ಮಿಲ್ಲರ ಅಂದ. ಕುರಿ ಕಾಯೂ ಜಾನಗ ಶೆಫರ್ಡ ಅಂದ. ನೂರಾರು ವರ್ಷ ಆತು, ಆ ಹೆಸರು ಹಂಗ ನಡದೈತಿ. ಅವರ ಮಕ್ಕಳು ಡಾಕ್ಟರ ಆದ್ರು, ಜಡ್ಜ ಆದ್ರು, ಲಷ್ಕರದಾಗ ಕರ್ನಲ ಆದ್ರು. ಹೆಸರು ಮಾತ್ರ ಕುರಿ ಕಾಯಾಂವ ಅಂತನ ಉಳೀತು. ಅಲ್ಲಿ ಯಾರೂ ಮೂಗ ಹಿಡಿಯೂದಿಲ್ಲ.”

“ಕುರಿ ಕಾಯಾಂವ ಅಂತ ಹೇಳಕೊಂಡು ಜಡ್ಜ ಆಗ್ಯಾನ?”

“ಆಗ್ಯಾನ.”

“ಕರ್ನಲ?”

“ಕರ್ನಲನೂ ಆಗ್ಯಾನ.”

“ಅದನ್ನ ಬರೀರಿ,” ಎಂದ ಲಗಮಣ್ಣ.

ಮಾಸ್ತರರು ಒಂದು ಕ್ಷಣ ಹಿಂದೆಮುಂದೆ ನೋಡಿದರು. ಆದರೆ ಆ ರಜಿಸ್ಟರಿನಲ್ಲಿ ಒಂದೇ ಒಂದು ಇಂಗ್ಲಿಷ್ ಹೆಸರು ಬರೆಯಬೇಕೆಂದು ಅವರ ಕೈಯೂ ತುರಿಸುತ್ತಿತ್ತು. ದುಂಡಗೆ ಬರೆದರು: ಹಾಲವ್ವ ಲಗಮಣ್ಣ ಶೆಫರ್ಡ. ರಜಿಸ್ಟರಿನಲ್ಲಿ ಮುಂದಿನ ಮನೆ ಜಾತಿಯದು. ಅದನ್ನು ಕೇಳಿದಾಗ ಲಗಮಣ್ಣನಿಗೆ ಆಶ್ಚರ್ಯವಾಯಿತು.

“ಅಲ್ರಿ ಮಾಸ್ತರ್ರ, ಕುರಿ ಕಾಯಾಂವ ಅಂತ ಈಗ ಬರದ್ರೆಲ್ಲ? ಒಂದ ಮಾತು ಎರಡ ಸಲ ಬರದು ಸರಕಾರದ ಮಸಿ ಯಾಕ ಹಾಳ ಮಾಡ್ತೀರಿ?”

ಮಾಸ್ತರರಿಗೆ ಇದು ನ್ಯಾಯವೆನಿಸಿತು. ಜಾತಿಯ ಮನೆಯಲ್ಲಿ ಒಂದು ಗೀಟು ಎಳೆದು ರಜಿಸ್ಟರು ಮುಚ್ಚಿದರು. ಜಗತ್ತಿನಲ್ಲಿ ದೊಡ್ಡ ಅನಾಹುತಗಳನ್ನೆಲ್ಲ ಕೆಟ್ಟವರೇ ಮಾಡುತ್ತಾರೆಂಬ ಒಂದು ತಪ್ಪು ತಿಳುವಳಿಕೆ ಇದೆ. ಸಂತೋಷದಲ್ಲಿದ್ದ ಇಬ್ಬರು ಒಳ್ಳೆಯವರು ಸೇರಿದರೂ ಸಾಕಾಗುತ್ತದೆ.

ಮನೆಯಲ್ಲಿ ಹೆಂಡತಿ ಯಮನವ್ವ ಉಣ್ಣೆ ನೂಲುತ್ತಿದ್ದಳು. “ಏನಂತ ಬರಸಿದ್ರಿ?” ಎಂದಳು.

“ಶೆಫರ್ಡ.”

“ಯಾರಿಗೆ ಬಂದೈತಿ ಅದು? ಕುರಿಗೋ, ಮನಶ್ಯಾರಿಗೋ?”

ಗೋಡೆಯಾಚೆಯ ಕಾಳವ್ವ ಇಣುಕಿ ನೋಡಿ, ಇನ್ನು ಮೇಲೆ ಇವರು ರೊಟ್ಟಿಯನ್ನು ಚಮಚದಲ್ಲಿ ತಿನ್ನುತ್ತಾರೋ ಹೇಗೆ ಎಂದು ಕೇಳಿದಳು. ಲಗಮಣ್ಣ ಬೆನ್ನು ತಿರುಗಿಸಿ ಒಳಗೆ ನಡೆದ. ಕರ್ನಲರು ಗೋಡೆಯಾಚೆಯವರಿಗೆಲ್ಲ ಉತ್ತರ ಕೊಡುತ್ತ ಕೂಡುವುದಿಲ್ಲ.

ಮೂರು ವರ್ಷ ಹೆಸರು ಶಾಲೆಯಲ್ಲಿಯೇ ಇತ್ತು. ಅಲ್ಲಿಯೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅಷ್ಟರಲ್ಲಿ ಶಿದ್ರಾಯನ ಮಗಳ ಮದುವೆ ಬಂತು. ಶಿದ್ರಾಯ ಲಗಮಣ್ಣನಿಗೆ ತಾಯಿಯ ಅಕ್ಕನ ಮಗ, ಬೀರಪ್ಪನ ಗುಡಿಯ ಪೂಜಾರಿ, ವಸ್ತಿಗೆ ಹಿರಿಯ. ನಮ್ಮ ಕಡೆ ಮದುವೆಗೆ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೆತ್ತಿಸುತ್ತಾರೆ. ಕೊಟ್ಟವನು ಸತ್ತರೂ ಹೆಸರು ಬಚ್ಚಲಲ್ಲಿ ಉಳಿಯುತ್ತದೆ. ಲಗಮಣ್ಣ ಸಂಖದ ಸಂತೆಗೆ ಹೋಗಿ ದೊಡ್ಡದೊಂದು ಹಿತ್ತಾಳೆ ಕೊಡ ತಂದ. ಅದರ ಹೊಟ್ಟೆಯ ಮೇಲೆ “ಲಗಮಣ್ಣ ಶೆಫರ್ಡ ಇವರಿಂದ” ಎಂದು ಬೆರಳಗಲದ ಅಕ್ಷರಗಳಲ್ಲಿ ಕೆತ್ತಿಸಿದ್ದ.

ಹಂದರದಲ್ಲಿ ಬೀಗರ ಹಿರಿಯ ಚಾಳೀಸು ಹಾಕಿಕೊಂಡು ಅದನ್ನು ಓದಿದ. ಮತ್ತೊಮ್ಮೆ ಓದಿದ. ಕುಡಿಯುತ್ತಿದ್ದ ನೀರಿನ ತಂಬಿಗೆ ಕೆಳಗಿಟ್ಟ.

“ಶಿದ್ರಾಯಪ್ಪಾ, ಇದು ಪಾದ್ರಿಗಳ ಹೆಸರಲ್ಲ? ಯಾರು ಕೊಟ್ಟದ್ದು?”

“ನಮ್ಮ ತಮ್ಮರಿ.”

“ನಿಮ್ಮ ತಮ್ಮ ಪಾದ್ರಿ ಆಗ್ಯಾನ?”

ಅರ್ಧ ತಾಸು ಅಕ್ಷತೆ ನಿಂತಿತು. ಗಂಡಿನ ಕಡೆಯವರು ಯಾರೂ ನೀರು ಮುಟ್ಟಲಿಲ್ಲ. ಶಿದ್ರಾಯ ದೇವರ ಅರಿಸಿನದ ಭಂಡಾರ ಕೈಯಲ್ಲಿ ಹಿಡಿದು ಬೀರಪ್ಪನ ಮೇಲೆ ಆಣೆ ಮಾಡಿದ ಮೇಲೆ ಮದುವೆ ಮುಂದುವರಿಯಿತು. ಕೊಡ ಮಾತ್ರ ಬೀಗರ ಗಾಡಿ ಹತ್ತಲಿಲ್ಲ. “ಲಗಮಾ, ಹತ್ತ ಮಂದ್ಯಾಗ ನನ್ನ ತಲಿ ತಗ್ಗಿಸಿದಿ. ಇದನ್ನ ನಾ ಮರಿಯಾಂವಲ್ಲ,” ಎಂದ ಶಿದ್ರಾಯ. ಅವನು ಮಾತಿಗೆ ತಪ್ಪುವ ಮನುಷ್ಯನಲ್ಲ.

ಬುದ್ಧಿಯಿದ್ದವನು ಮರುದಿನವೇ ಶಾಲೆಗೆ ಓಡಿಹೋಗಿ ಹೆಸರು ಹೊಡೆಸಿ ಹಾಕುತ್ತಿದ್ದ. ಲಗಮಣ್ಣ ಎಂಟು ದಿನ ಕುರಿಯ ಹಿಂದೆ ತಿರುಗುತ್ತ ಯೋಚಿಸಿದ. ತಪ್ಪು ಹೆಸರಿನಲ್ಲಿಲ್ಲ, ಆ ಹೆಸರಿಗೆ ನಮ್ಮಲ್ಲಿ ಚರಿತ್ರೆ ಇಲ್ಲದ್ದೇ ತಪ್ಪು ಎಂದು ಕಂಡುಹಿಡಿದ. ಚರಿತ್ರೆ ಬೇಕಾದರೆ ಹೆಳವನ ಹತ್ತಿರ ಹೋಗಬೇಕು.

ಹೆಳವರೆಂದರೆ ಮನೆತನಗಳ ಲೆಕ್ಕ ಹೊತ್ತವರು. ಮೂರು ನಾಲ್ಕು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕುಳಿತು ಬಂದು, ಅಂಗಳದಲ್ಲಿ ನಿಂತು, ನಿಮ್ಮ ಅಜ್ಜನ ಅಜ್ಜ ಯಾವ ಊರಿನಿಂದ ಬಂದ, ಯಾರ ಮಗಳನ್ನು ತಂದ, ಯಾವ ದೇವರಿಗೆ ನಡೆದುಕೊಂಡ ಎಂದು ಒಂದು ಹೆಸರೂ ತಪ್ಪದಂತೆ ಹೇಳಿ, ಕಾಳುಕಡಿ ತೆಗೆದುಕೊಂಡು ಹೋಗುತ್ತಾರೆ. ಹೆಳವ ಹೇಳಿದ ಮೇಲೆ ಮತ್ತೆ ಮಾತಿಲ್ಲ. ಸೀಮೆಯ ತಂಟೆಯಿಂದ ಹಿಡಿದು ಸಂಬಂಧದ ಮಾತುಕತೆಯವರೆಗೆ ಅವನ ಹೊತ್ತಿಗೆಯೇ ಸಾಕ್ಷಿ. ಇವರ ಮನೆತನದ ಹೆಳವ ತಿಕೋಂಡಿಯ ತುಕಾರಾಮ. ಆ ಸುಗ್ಗಿಯಲ್ಲಿ ಅವನು ಬಂದಾಗ ಲಗಮಣ್ಣ ಅವನನ್ನು ಕುರಿದಡ್ಡಿಯ ಹಿಂದಕ್ಕೆ ಕರೆದುಕೊಂಡು ಹೋದ.

“ತುಕಾರಾಮಣ್ಣಾ, ಶೆಫರ್ಡ ಅನ್ನೂ ಹೆಸರು ನಮ್ಮ ವಂಶದಾಗ ಐತೇನ?”

“ನಿಮ್ಮ ಹದಿನಾಲ್ಕ ತಲಿ ನನ್ನ ನಾಲಿಗಿ ಮ್ಯಾಲ ಅದಾವ ಗೌಡಾ. ಅದರಾಗ ಇಲ್ಲ.”

“ಇರಬೇಕಾಗಿತ್ತು.”

ಹೆಳವ ದಡ್ಡಿಯೊಳಗಿನ ಟಗರನ್ನು ನೋಡಿದ. “ಹೆಳವ ಸುಳ್ಳ ಹೇಳೂದಿಲ್ಲ. ಖರೆ, ಮರತದ್ದು ನೆನಪಾಗಬಹುದು.”

“ಈ ಟಗರು ಕೊಟ್ರ ನೆನಪ ಆಗತೈತೇನ?”

“ಮ್ಯಾಲ ಒಂದ ಕಂಬಳಿ ಹಾಕಿದ್ರ ಪೂರಾ ನೆನಪ ಆಗತೈತಿ.”

ಮರುದಿನ ಮುಂಜಾನೆ ವಸ್ತಿಯೆಲ್ಲ ಅಂಗಳದಲ್ಲಿ ಕೂಡಿತು. ಶಿದ್ರಾಯನೂ ಬಂದು ಕಂಬಕ್ಕೆ ಒರಗಿ ಕುಳಿತ. ತುಕಾರಾಮ ಗಂಟೆ ಬಾರಿಸಿ ಶುರುಮಾಡಿದ. ಲಗಮಣ್ಣನ ಮುತ್ತಜ್ಜನ ಅಪ್ಪ ಅಮೋಗಸಿದ್ದ ಹಳ್ಳದ ದಂಡೆಯಲ್ಲಿ ಹಿಂಡು ತರುಬಿದ್ದಾಗ, ಅಲ್ಲಿಗೆ ಶೆಫರ್ಡ ಎಂಬ ಬಿಳಿಯ ಸಾಹೇಬನ ಡೇರೆ ಬಂತು. ಸಾಹೇಬನ ಕೂಸಿಗೆ ಹಾಲಿರಲಿಲ್ಲ. ಅಮೋಗಸಿದ್ದ ಮೂರು ತಿಂಗಳು ಕುರಿಯ ಹಾಲು ಕೊಟ್ಟು ಕೂಸನ್ನು ಉಳಿಸಿದ. “ಆವಾಗ ಸಾಹೇಬ ಏನಂದ? ಅಮೋಗಸಿದ್ದಾ, ಇವತ್ತಿನಿಂದ ನೀ ನನ್ನ ಒಡಹುಟ್ಟಿದಾಂವ, ನನ್ನ ಹೆಸರು ನಿನ್ನ ಹೆಸರು ಅಂದ!” ಹೆಂಗಸರು ಕಣ್ಣು ಒರೆಸಿಕೊಂಡರು. ಕಾಳವ್ವ ಗೋಡೆ ದಾಟಿ ಬಂದು ಮುಂದೆ ಕುಳಿತಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಜನ ಹೀಗೆ ಬಾಯಿ ಬಿಟ್ಟು ಕುಳಿತರೆ ಯಾವ ಹೇಳುವವನು ನಿಲ್ಲಿಸುತ್ತಾನೆ? ತುಕಾರಾಮನಿಗೆ ಇನ್ನಷ್ಟು ನೆನಪಾಯಿತು. “ಸಾಹೇಬ, ಅಮೋಗಸಿದ್ದ ಒಂದ ತಾಟಿನ್ಯಾಗ ಉಂಡ್ರು. ಸಾಹೇಬನ ದೇವರ ಗುಡಿಗಿ ಕೈ ಕೈ ಹಿಡಕೊಂಡು ಹೋದ್ರು. ಸಾಹೇಬ ಮೊಣಕಾಲೂರಿದ, ಇವನೂ ಊರಿದ!”

ಎಲ್ಲರೂ ಭಲೆ ಎಂದರು. ಲಗಮಣ್ಣ ಎರಡನೆಯ ಕಂಬಳಿಯನ್ನೂ ತಂದು ಹೊದಿಸಿದ. ಶಿದ್ರಾಯ ಮಾತ್ರ ಕೊನೆಯ ಭಾಗವನ್ನು ಇನ್ನೊಮ್ಮೆ ಹೇಳಿಸಿ, ಕಿವಿಗೊಟ್ಟು ಕೇಳಿ, ಎದ್ದುಹೋದ.

ಹಾಲವ್ವ ಚೆನ್ನಾಗಿ ಓದಿದಳು. ದಿನಾ ಆರು ಮೈಲು ನಡೆದು ಹೈಸ್ಕೂಲು ಮುಗಿಸಿದಳು. ಎಪ್ಪತ್ತನಾಲ್ಕರಲ್ಲಿ ಹನ್ನೊಂದನೆಯ ತರಗತಿ ಪಾಸಾದಳು. ವಸ್ತಿಯಲ್ಲಿ ಅಲ್ಲಿಯವರೆಗೆ ಗಂಡುಮಕ್ಕಳೂ ಅಷ್ಟು ಓದಿರಲಿಲ್ಲ. ಕನ್ನಡ ಶಾಲೆಗಳಿಗೆ ಶಿಕ್ಷಕಿಯರು ಬೇಕಾಗಿದ್ದರು. ಟ್ರೇನಿಂಗ್ ಕಾಲೇಜಿನಲ್ಲಿ ಹಿಂದುಳಿದ ಜಾತಿಯವರಿಗೆಂದು ಇಟ್ಟ ಜಾಗದಲ್ಲಿ ಅವಳ ಹೆಸರು ಮೊದಲು ಬಂತು. ಜುಲೈ ಹದಿನೈದರೊಳಗೆ ಜಾತಿಯ ದಾಖಲೆ ತಂದರೆ ಸೀಟು ಅವಳದು. ತಾರದಿದ್ದರೆ ಪಟ್ಟಿಯಲ್ಲಿ ಎರಡನೆಯವಳದು. ಹಾಲವ್ವ ಆಗಲೇ ಒಂದು ಟ್ರಂಕು ತೊಳೆದು ಬಿಸಿಲಿಗಿಟ್ಟಿದ್ದಳು.

ಅಪ್ಪ ಮಗಳು ಜತ್ತದ ತಾಲೂಕು ಕಚೇರಿಗೆ ಹೋದರು. ಕಾರಕೂನ ಅರ್ಜಿ ನೋಡಿ, “ಶೆಫರ್ಡ. ಖ್ರಿಸ್ತಿ. ಮುಂದಿನವರು ಬರ್ರಿ,” ಎಂದ.

“ಅಲ್ರಿ ಭಾವುಸಾಹೇಬ, ನಾವು ಹಾಲಮತದ ಕುರುಬರು. ನಿಮ್ಮ ಮರಾಠ್ಯಾಗ ಧನಗರರು.”

“ಶೆಫರ್ಡ ಅಂತೀರಿ, ಧನಗರ ಅಂತೀರಿ. ಯಾವುದರೆ ಒಂದ ಹೇಳ್ರಿ.”

“ಎರಡೂ ಒಂದರಿ,” ಎಂದ ಲಗಮಣ್ಣ. ಮಾಸ್ತರರು ಹೇಳಿದ್ದನ್ನು ಹತ್ತು ಜಾನರಿಂದ ಹಿಡಿದು ಕರ್ನಲನವರೆಗೆ ಒಂದಕ್ಷರ ಬಿಡದೆ ಹೇಳಿದ. ಕಚೇರಿಯ ಲೇಖನಿಗಳೆಲ್ಲ ನಿಂತವು. ಚಹ ತಂದ ಶಿಪಾಯಿ ಬಟ್ಟಲು ಹಿಡಿದುಕೊಂಡೇ ಕೇಳಿದ. ಕತೆ ಮುಗಿದ ಮೇಲೆ ಕಾರಕೂನ ಕನ್ನಡಕ ಒರೆಸಿಕೊಂಡ.

“ಭಾಳ ಚಲೋ ಐತಿ. ಹಂಗಾರ ಇಂಗ್ಲಂಡದ ರಾಜಾನ ಕಾರಕೂನನ ಕಡಿಂದನ ದಾಖಲೆ ತಗೊಂಡ ಬರ್ರಿ.” ನಕ್ಕವರು ನಕ್ಕು ಮುಗಿಸಿದ ಮೇಲೆ ಕಾಗದ ತಿರುವಿದ. “ಸಾಲಿ ದಾಖಲೆದಾಗ ಜಾತಿ ಮುಂದ ಗೀಟ ಐತಿ. ಹೊಲದ ಉತಾರದಾಗ ನೀವು ಹಿಕ್ಕಿ. ಹುಡಿಗಿ ಶೆಫರ್ಡ. ಈಕಿ ನಿಮ್ಮ ಮಗಳು ಹೌದೋ ಅಲ್ಲೋ?”

“ನನ್ನ ಮಗಳರಿ! ಮಾರಿ ನೋಡ್ರಿ.”

“ಮಾರಿ ಮ್ಯಾಲ ಶಿಕ್ಕಾ ಒತ್ತಾಕ ಬರೂದಿಲ್ಲ. ತಲಾಠಿ ನಿಮ್ಮ ಊರಿಗೆ ಬರತಾನ. ಹಿರ್ಯಾರು ಹೇಳಿಕಿ ಕೊಡಲಿ.”

ತಲಾಠಿ ಜುಲೈ ಹನ್ನೊಂದಕ್ಕೆ ಚಾವಡಿಯಲ್ಲಿ ಬಂದು ಕುಳಿತ. ಮೊದಲ ಹೇಳಿಕೆ ಹಿರಿಯ ಶಿದ್ರಾಯನದು. ಎಂಟು ವರ್ಷ ಕಾದವನ ದನಿ ಎಷ್ಟು ಶಾಂತವಾಗಿತ್ತೆಂದರೆ, ಅದು ಕರುಣೆಯೆಂದೇ ಲಗಮಣ್ಣನಿಗೆ ತೋರಿತು.

“ಸಾಹೇಬ್ರ, ನಾ ಬೀರಪ್ಪನ ಪೂಜಾರಿ. ಸುಳ್ಳ ಹೇಳಾಕ ಬರೂದಿಲ್ಲ. ಲಗಮ ನಮ್ಮಾಂವ. ಖರೆ ಅವರ ಮನಿತನದ ಸಂಗತಿ ಹೆಳವ ಏನೋ ಹೇಳ್ಯಾನ. ನನಗಿಂತ ಅವಗ ಗೊತ್ತು. ಅವನ್ನ ಕೇಳ್ರಿ.”

“ಹೆಳವನ್ನ ಕರಸ್ರಿ,” ಎಂದ ತಲಾಠಿ. ಉಳಿದ ಹಿರಿಯರು, ಹೆಳವ ಹೇಳುವುದೇ ತಮ್ಮ ಮಾತೆಂದು ಹೆಬ್ಬೆಟ್ಟು ಮಡಿಚಿಕೊಂಡು ಕುಳಿತರು.

ಲಗಮಣ್ಣ ತಿಕೋಂಡಿಗೆ ಓಡಿದ. ಮುದುಕನಾಗಿದ್ದ ತುಕಾರಾಮನ ಕಾಲು ಹಿಡಿದ. “ಆ ಸಾಹೇಬನ ಸಂಗತಿ ಸುಳ್ಳು ಅಂತ ಒಂದ ಮಾತ ಹೇಳು. ನನ್ನ ಮಗಳ ಬಾಳಿನ ಮಾತ ಐತಿ.”

ತುಕಾರಾಮನ ಕಣ್ಣಲ್ಲಿಯೂ ನೀರು ಬಂತು. “ನನಗೂ ಹೆಣ್ಣಮಕ್ಕಳ ಅದಾರ ಗೌಡಾ. ಖರೆ ಒಂದ ಮನಿದು ಸುಳ್ಳು ಅಂದ್ರ ನಲವತ್ತ ಊರಂದು ಸುಳ್ಳ ಆಗತೈತಿ. ನಾಳಿ ನನ್ನ ಎತ್ತು ಯಾರ ಅಂಗಳದಾಗ ನಿಲ್ಲಬೇಕು? ಮತ್ತ ನಾ ನಿನ್ನ ಟಗರು ಉಂಡೇನಿ. ಉಂಡ ಮನಿಗೆ ಎರಡ ಬಗಿಯೂದಿಲ್ಲ.”

ಅವನು ಎರಡು ಬಗೆಯಲಿಲ್ಲ. ಹದಿಮೂರಕ್ಕೆ ಚಾವಡಿಯಲ್ಲಿ ನಿಂತು, ಹಳ್ಳದ ದಂಡೆಯಿಂದ ಮೊಣಕಾಲಿನವರೆಗೆ ಪೂರ್ತಿ ಹೇಳಿದ. ತನ್ನ ಒಕ್ಕಲಿನ ಮನೆತನಕ್ಕೆ ಮರ್ಯಾದೆ ಹೆಚ್ಚಾಗಲೆಂದು, ಸಾಹೇಬನ ಗುಡಿಯಲ್ಲಿ ಅಮೋಗಸಿದ್ದನ ತಲೆಯ ಮೇಲೆ ನೀರು ಹಾಕಿದ್ದನ್ನೂ ಸೇರಿಸಿದ. ಖ್ರಿಸ್ತಿ ದೀಕ್ಷೆಯಾಯಿತೆಂದು ತಲಾಠಿ ಬರೆದುಕೊಂಡ.

ಲಗಮಣ್ಣನಿಗೆ ತಡೆಯಲಾಗಲಿಲ್ಲ. “ಇದೆಲ್ಲಾ ಸುಳ್ಳರಿ! ಟಗರು ಕೊಟ್ಟು ನಾನ ಹೇಳಸೇನಿ!” ಎಂದು ಕೂಗಿದ.

ತಲಾಠಿ ತಲೆ ಎತ್ತಿದ. “ಲಂಚ ಕೊಟ್ಟು ಸುಳ್ಳ ಪುರಾವೆ ಮಾಡಿಸೇನಿ ಅಂತ ಬರಕೊಳ್ಳಲೇನು? ಕಾಯ್ದೆದಾಗ ಅದಕ್ಕೂ ಜಾಗಾ ಐತಿ.”

ಲಗಮಣ್ಣ ಹಿಂದೆ ಸರಿದು ಮಗಳ ಪಕ್ಕಕ್ಕೆ ನಿಂತ. ಶಿದ್ರಾಯ ಎಲೆಯಡಿಕೆಯ ಚೀಲ ಬಿಚ್ಚಿದ. ಒಂದು ಹಿತ್ತಾಳೆ ಕೊಡಕ್ಕೆ ಇಷ್ಟು ದೊಡ್ಡ ಪ್ರತೀಕಾರ ತೀರಿಸಿಕೊಂಡವನಿಗೆ ಅದು ರುಚಿಸಿತೋ ಇಲ್ಲವೋ, ಅಗಿಯುವುದನ್ನಂತೂ ಅವನು ಬಿಡಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಹಾಲವ್ವ ಮುಂದೆ ಮುಂದೆ ನಡೆದಳು. ಹಳ್ಳ ದಾಟಿದ ಮೇಲೆ ನಿಂತಳು.

“ಹಿಕ್ಕಿ ಅಂತ ಬರಸಿದ್ರ ಏನ ಆಗತಿತ್ತು ಅಪ್ಪಾ? ನಾಕ ಹುಡುಗೂರು ನಗತಿದ್ರು.”

“ನೀ ನನ್ನ ಹಿಂದ ಬಂದು ನಿಂತಿ ಯವ್ವಾ. ನನಗ ನೋಡಾಕ ಆಗಲಿಲ್ಲ.”

ಮಗಳು ತಿರುಗಿ ವಸ್ತಿಯ ಕಡೆಗೆ ನಡೆದಳು. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡ ಲಗಮಣ್ಣ.

ಶ್ರೀಶೈಲಪ್ಪ ಮಾಸ್ತರರು ಆ ಹೊತ್ತಿಗೆ ರಿಟಾಯರಾಗಿದ್ದರು. ಸುದ್ದಿ ಕೇಳಿ ಅವರಿಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಇನ್ನೊಂದು ಉಪಾಯ ಹೊಳೆಯಿತು. ಸರಕಾರ ಖ್ರಿಸ್ತಿ ಎಂದರೆ ಖ್ರಿಸ್ತಿಯವರೇ ಓದಿಸಲಿ. ಅಪ್ಪ ಮಗಳಿಬ್ಬರನ್ನೂ ಒಬ್ಬ ಪಾದ್ರಿಯ ಬೋರ್ಡಿಂಗಿಗೆ ಕರೆದುಕೊಂಡು ಹೋದರು. ಪಾದ್ರಿ ಮರ್ಯಾದಸ್ಥ. ಚಹ ಕೊಟ್ಟ, ಸಂಗತಿ ಕೇಳಿದ, ತನ್ನ ದೊಡ್ಡ ಪುಸ್ತಕ ತೆಗೆದು ಕೊನೆಯವರೆಗೂ ನೋಡಿದ. “ನಮ್ಮ ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲವಲ್ಲಪ್ಪಾ. ನೀವು ಹಿಂದೂಗಳು,” ಎಂದ. ಇಡೀ ಜಿಲ್ಲೆಯಲ್ಲಿ ಲಗಮಣ್ಣನನ್ನು ಹಿಂದೂ ಎಂದು ಒಪ್ಪಿಕೊಂಡವನು ಅವನೊಬ್ಬನೇ. ಅದನ್ನು ಬರೆದುಕೊಡಿರೆಂದು ಕೇಳಿದಾಗ, ತನಗೆ ಆ ಅಧಿಕಾರವಿಲ್ಲವೆಂದ.

ಈ ನಡುವೆ ಹದಿನೈದು ಕಳೆದಿತ್ತು, ಸೀಟು ಎರಡನೆಯವಳಿಗೆ ಹೋಗಿತ್ತು. ಲಗಮಣ್ಣ ಹಳೆಯ ಅಡ್ಡಹೆಸರಿಗಾಗಿ ಅರ್ಜಿ ಹಾಕಿದ. ನಲವತ್ತು ವರ್ಷ ನುಂಗಿಕೊಂಡದ್ದನ್ನು ಈಗ ತಿಂಗಳುಗಟ್ಟಲೆ ಕೈಮುಗಿದು ಬೇಡಿದ. ಅದು ಮುಂಬಯಿಯ ಗ್ಯಾಜೆಟ್ಟಿಗೆ ಹೋಗಬೇಕು, ಅಲ್ಲಿಂದ ಬರಬೇಕು, ಆಮೇಲೆ ಶಾಲೆಯ ರಜಿಸ್ಟರು, ಆಮೇಲೆ ಜಾತಿಯ ದಾಖಲೆ. ಅಷ್ಟರಲ್ಲಿ ಹುಡುಗಿಯ ಮನೆಯವರು ಖ್ರಿಸ್ತಿಯಾಗಿದ್ದಾರೆಂಬ ಮಾತು ಸಂಖದಿಂದ ತಿಕೋಂಡಿಯವರೆಗೆ ತಿರುಗಾಡಿತು. ನೋಡಲು ಬರುತ್ತೇವೆಂದವರು ಬರಲಿಲ್ಲ. ಯಮನವ್ವ ಅಂಜಿದಳು. ಆಗ ಶಿದ್ರಾಯನೇ ದೊಡ್ಡ ಮನಸ್ಸು ಮಾಡಿ, ತನ್ನ ಹೆಂಡತಿಯ ತಮ್ಮ ಮಾಯಪ್ಪನಿಗೆ ಮಾತು ತಂದ. ಮಾಯಪ್ಪ ಕೆಟ್ಟವನಲ್ಲ. ನಾನೂರು ಕುರಿ ಇದ್ದವು. ಅಕ್ಷರ ಮಾತ್ರ ಇರಲಿಲ್ಲ. ಯಾರೂ ಹಾಲವ್ವನನ್ನು ಕೇಳಲಿಲ್ಲ. ಕೇಳಿದ್ದರೆ ಏನಾದರೂ ಹೇಳಿಬಿಟ್ಟಾಳು ಎಂಬ ಅಂಜಿಕೆ ಎಲ್ಲರಿಗೂ ಇತ್ತು.

ಮದುವೆಯಾಗಿ ನಾಲ್ಕು ತಿಂಗಳಿಗೆ ಲಗಮಣ್ಣನ ಕೈಗೆ ದಾಖಲೆ ಬಂತು. ಎರಡು ಶಿಕ್ಕೆ, ಒಂದು ಸಹಿ. ಅದನ್ನು ರುಮಾಲಿನಲ್ಲಿ ಸುತ್ತಿಕೊಂಡು ಅವನು ಮಗಳನ್ನು ಹುಡುಕಿಕೊಂಡು ಹೋದ. ಮಾಯಪ್ಪನ ಹಿಂಡು ತಿಕೋಂಡಿಯಾಚೆ ಒಂದು ಬೀಡಿನಲ್ಲಿತ್ತು. ಹಾಲವ್ವ ಕುರಿ ತರುಬುವ ಬಲೆಯೊಳಗೆ ನಿಂತು ಮರಿಗಳನ್ನು ತಾಯಿಗಳ ಹತ್ತಿರ ಬಿಡುತ್ತಿದ್ದಳು. ಅಪ್ಪನನ್ನು ನೋಡಿ ಕೈ ಒರೆಸಿಕೊಂಡು ಬಂದಳು.

“ಬಂತು ಯವ್ವಾ,” ಎಂದ. “ಓದು. ಮುಂದಿನ ವರ್ಷ ಮತ್ತ ಅರ್ಜಿ ಹಾಕಾಕ ಬರತೈತಂತ. ಮಾಯಪ್ಪಗ ನಾ ಹೇಳತೇನಿ, ಅವರವ್ವಗೂ ಹೇಳತೇನಿ. ಮದಲ ಓದು, ಏನ ಬರದಾರ ಅಂತ.”

ಅವಳು ನಿಂತಲ್ಲಿಯೇ ಓದಿದಳು. ಶಾಲೆಯಲ್ಲಿ ಓದುತ್ತಿದ್ದಂತೆಯೇ, ಗಟ್ಟಿಯಾಗಿ, ತಡೆಯಿಲ್ಲದೆ ಓದಿದಳು. ಕುಮಾರಿ ಹಾಲವ್ವ ಲಗಮಣ್ಣ ಹಿಕ್ಕಿ, ಮುಕ್ಕಾಮ ಸೋನ್ಯಾಳ, ಜಾತಿ ಹಿಂದೂ ಧನಗರ. ಬಲೆಯಾಚೆ ಕುಳಿತಿದ್ದ ಅತ್ತೆ ಏನೆಂದು ತಿಳಿಯದೆ ಬಾಯಿ ಬಿಟ್ಟು ಕೇಳಿದಳು.

“ಬರೋಬ್ಬರಿ ಐತೇನವಾ?” ಎಂದ ಲಗಮಣ್ಣ.

“ಬರೋಬ್ಬರಿ ಐತಿ ಅಪ್ಪಾ. ಒಂದೂ ತಪ್ಪಿಲ್ಲ,” ಎಂದಳು ಹಾಲವ್ವ. ಕಾಗದವನ್ನು ಇದ್ದ ಮಡಿಕೆಯಲ್ಲಿಯೇ ಮಡಿಸಿ ಅವನ ಕೈಗಿಟ್ಟಳು. “ಖರೆ ನಾ ಈಗ ಹಾಲವ್ವ ಮಾಯಪ್ಪ ಕೋಳೇಕರ. ಈ ಹೆಸರಿನಾಕಿ ಯಾರೂ ಇಲ್ಲ.”

ಒಂದು ಮರಿ ತಾಯಿ ಸಿಗದೆ ಕೂಗುತ್ತಿತ್ತು. ಅವಳು ಅದನ್ನು ಎತ್ತಿಕೊಳ್ಳಲು ಹೋದಳು.